ಬಾಯಿ ಕಟ್ಟಿದರೆ ಸಾಕಾ? ತೂಕದ ಹಿಂದಿರುವ ಜೀನ್‌ಗಳ ಕಥೆ

ಇಬ್ಬರು ಫ್ರೆಂಡ್ಸ್ ಒಂದೇ ದಿನ ಜಿಮ್‌ಗೆ ಸೇರ್ತಾರೆ, ಒಂದೇ ಡಯಟ್ ಮಾಡ್ತಾರೆ. ಒಬ್ಬರ ತೂಕ ಸರಸರ ಇಳಿಯುತ್ತೆ. ಇನ್ನೊಬ್ಬರದ್ದು ಸ್ವಲ್ಪ ಇಳಿದು ಮತ್ತೆ ಏರುತ್ತೆ. ಆಗ ಕೇಳಿಬರೋ ಮಾತು ಒಂದೇ: 'ನಿನಗೆ ಬಾಯಿ ಕಟ್ಟೋಕೆ ಬರಲ್ಲ!' ಇದು ಎಷ್ಟು ನಿಜ? ಉತ್ತರದ ಹುಡುಕಾಟ ಶುರುವಾಗಿದ್ದು ಒಂದು ಇಲಿಯಿಂದ.

1949. ಅಮೆರಿಕದ ಮೇನ್ ರಾಜ್ಯದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ವಿಪರೀತ ದಪ್ಪದ ಇಲಿಗಳು ಕಾಣಿಸಿಕೊಂಡವು. ಎಷ್ಟು ತಿಂದರೂ ಅವಕ್ಕೆ ಹಸಿವು ತೀರುತ್ತಿರಲಿಲ್ಲ. ಕಾರಣ, ಒಂದೇ ಒಂದು ಜೀನ್‌ನಲ್ಲಿದ್ದ ದೋಷ. ಮುಂದೆ ಅದೇ ಲ್ಯಾಬ್‌ನ ಡಗ್ಲಸ್ ಕೋಲ್ಮನ್, ಇಂಥ ಇಲಿಯನ್ನು ಸಾಮಾನ್ಯ ಇಲಿಯ ಜೊತೆ ಸರ್ಜರಿ ಮಾಡಿ ಜೋಡಿಸಿದರು, ಒಂದರ ರಕ್ತ ಇನ್ನೊಂದಕ್ಕೆ ಹರಿಯುವ ಹಾಗೆ. ದಪ್ಪ ಇಲಿ ತಿನ್ನೋದು ಕಡಿಮೆಯಾಯ್ತು! ಅಂದರೆ 'ಸಾಕು' ಅನ್ನೋ ಸಂದೇಶ ರಕ್ತದಲ್ಲಿ ಹರಿಯುತ್ತೆ, ದಪ್ಪ ಇಲಿಯಲ್ಲಿ ಅದು ತಯಾರಾಗ್ತಾನೇ ಇರಲಿಲ್ಲ.

ಆ ಜೀನ್ ಸಿಕ್ಕಿದ್ದು 1994ರಲ್ಲಿ, ನ್ಯೂಯಾರ್ಕ್‌ನ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ. ಅದರಿಂದ ತಯಾರಾಗೋ ಹಾರ್ಮೋನ್‌ಗೆ ಲೆಪ್ಟಿನ್ ಅಂತ ಹೆಸರಿಟ್ಟರು. ನಮ್ಮ ಕೊಬ್ಬೇ ಮೆದುಳಿಗೆ ಕಳಿಸೋ ಸುದ್ದಿ ಅದು.

ಮನುಷ್ಯರಲ್ಲೂ ಹೀಗಾಗುತ್ತಾ? 1997ರಲ್ಲಿ ಕೇಂಬ್ರಿಡ್ಜ್ ವೈದ್ಯರು ಇಂಥ ಇಬ್ಬರು ಮಕ್ಕಳ ಬಗ್ಗೆ ವರದಿ ಮಾಡಿದರು. ಅವರಲ್ಲೊಬ್ಬಳು 8 ವರ್ಷದ ಹುಡುಗಿ, ತೂಕ 86 ಕೆಜಿ. ಲೆಪ್ಟಿನ್ ಇಂಜೆಕ್ಷನ್ ಕೊಟ್ಟ ಮೇಲೆ ಒಂದು ವರ್ಷದಲ್ಲಿ 16 ಕೆಜಿಗೂ ಹೆಚ್ಚು ಇಳಿದಳು. ಆ ಮಗುವಿನದ್ದು ಬಾಯಿಚಪಲ ಆಗಿರಲಿಲ್ಲ, ನಿಜವಾದ ಹಸಿವು.

ಹಾಗಂತ ಇದು ಎಲ್ಲರ ಕಥೆಯಲ್ಲ. ಇಂಥ ದೋಷ ತೀರಾ ಅಪರೂಪ. ದಪ್ಪ ಇರೋ ಬಹುತೇಕರಲ್ಲಿ ಲೆಪ್ಟಿನ್ ಜಾಸ್ತಿಯೇ ಇರುತ್ತೆ. ಉಳಿದವರಲ್ಲಿ ಕೆಲಸ ಮಾಡೋದು ಒಂದಲ್ಲ, ನೂರಾರು ಜೀನ್‌ಗಳ ಸಣ್ಣ ಸಣ್ಣ ವ್ಯತ್ಯಾಸ. ಕೆನಡಾದ ಕ್ಲಾಡ್ ಬುಶಾರ್ಡ್ ತಂಡ 7 ಜೋಡಿ ತದ್ರೂಪಿ ಅವಳಿ ಯುವಕರಿಗೆ ಲೆಕ್ಕದ ಊಟ ಕೊಟ್ಟು 93 ದಿನ ಸೈಕಲ್ ತುಳಿಸಿತು. ಸರಾಸರಿ 5 ಕೆಜಿ ಇಳಿಯಿತು. ಆದರೆ ಎಲ್ಲ ಜೋಡಿಗೂ ಒಂದೇ ಸಮ ಇಳಿಯಲಿಲ್ಲ. ಅಣ್ಣನಿಗೆ ಇಳಿದಷ್ಟೇ ಹೆಚ್ಚುಕಮ್ಮಿ ತಮ್ಮನಿಗೂ!

ಇನ್ನು, ಇಳಿಸಿದ ತೂಕ ಯಾಕೆ ನಿಲ್ಲಲ್ಲ? ಕೊಬ್ಬು ಕರಗಿದಾಗ ಲೆಪ್ಟಿನ್ ಕೂಡ ಕುಸಿಯುತ್ತೆ. ಮೆದುಳು ಅದನ್ನ ಬರಗಾಲ ಅಂದುಕೊಳ್ಳುತ್ತೆ. ಹಸಿವು ಹೆಚ್ಚುತ್ತೆ, ದೇಹ ಕ್ಯಾಲೊರಿ ಖರ್ಚಿಗೆ ಕಡಿವಾಣ ಹಾಕುತ್ತೆ.

ಹಾಗಾದರೆ ಎಲ್ಲಾ ಹಣೆಬರಹನಾ? ಅಲ್ಲ. ತೂಕ ಹೆಚ್ಚಿಸೋ ಎಫ್‌ಟಿಒ ಜೀನ್‌ನ ಒಂದು ರೂಪ 2007ರಲ್ಲಿ ಸುದ್ದಿಯಾಯ್ತು. ಅದರ ಎರಡು ಪ್ರತಿ ಇದ್ದವರ ತೂಕ ಸರಾಸರಿ 3 ಕೆಜಿ ಹೆಚ್ಚು. ಆದರೆ 2016ರಲ್ಲಿ, 9 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಡಯಟ್, ವ್ಯಾಯಾಮದಿಂದ ಅವರೂ ಉಳಿದವರಷ್ಟೇ ತೂಕ ಇಳಿಸಿದ್ದರು.

ಪ್ರಯತ್ನ ವ್ಯರ್ಥ ಅಲ್ಲ. ಆದರೆ ಎಲ್ಲರೂ ಹತ್ತೋ ಬೆಟ್ಟದ ಎತ್ತರ ಒಂದೇ ಅಲ್ಲ. ಜೊತೆಯವರು ಹಿಂದೆ ಬಿದ್ದರೆ ಸೋಮಾರಿ ಅನ್ನೋ ಮುಂಚೆ ಇಷ್ಟು ನೆನಪಿರಲಿ.