ಸಿಯಾಟಲ್ ಟೂಲ್‌ಕಿಟ್: ಇಂಟರ್ನ್ ಆಗೋರಿಗೆ ಒಂದು ಪರಿಚಯ

ಅಮೆರಿಕದಲ್ಲಿ ಓದ್ತಾ, ಬೇಸಿಗೆ ರಜೆಗೆ ನಗರಾಡಳಿತದ ಜನಾಂಗೀಯ ಸಮಾನತೆ ವಿಭಾಗದಲ್ಲಿ ಇಂಟರ್ನ್ ಆಗೋರಿಗೆ ನಾನು ಮೊದಲು ಹೇಳೋದು ಸಿಯಾಟಲ್ ಬಗ್ಗೆ. ಅಲ್ಲಿ 2004ರಲ್ಲಿ, ಮೇಯರ್ ಗ್ರೆಗ್ ನಿಕಲ್ಸ್ ಕಾಲದಲ್ಲಿ, ಈ ಕೆಲಸ ಶುರುವಾಯ್ತು. ಅದರ ಮುಖ್ಯ ಸಾಧನ ‘ರೇಷಿಯಲ್ ಈಕ್ವಿಟಿ ಟೂಲ್‌ಕಿಟ್’. ಯೋಜನೆ, ಬಜೆಟ್ ಅಂತಿಮವಾಗೋ ಮುನ್ನ ಲಾಭ ಯಾರಿಗೆ, ಹೊರೆ ಯಾರ ಮೇಲೆ ಅಂತ ಕೇಳುವ ಪ್ರಶ್ನಾವಳಿ ಅದು. ತೀರ್ಮಾನ ಆದಮೇಲೆ ತುಂಬಿದರೆ ಬರೀ ಫಾರಂ.

ಇಂಟರ್ನ್ ಪಾಲಿಗೆ ಬರೋದು ಬಡಾವಣೆವಾರು ಅಂಕಿಅಂಶ ಜೋಡಿಸೋದು, ಸಭೆಯ ಟಿಪ್ಪಣಿ ಬರೆಯೋದು. ಬೋರಿಂಗ್ ಅನ್ನಬೇಡಿ, ಯಾವ ಬೀದಿಗೆ ಫುಟ್‌ಪಾತ್ ಇಲ್ಲ ಅನ್ನೋದು ಕಾಣೋದು ಅಲ್ಲೇ.

2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯ ನಿಷೇಧಿಸಿದ ಅಮೆರಿಕದ ಮೊದಲ ನಗರವೂ ಸಿಯಾಟಲ್ಲೇ; ಕ್ಷಮಾ ಸಾವಂತ್ ಮಂಡಿಸಿದ ಮಸೂದೆ 6-1ರಲ್ಲಿ ಪಾಸಾಯ್ತು. ಆದರೆ ಅಲ್ಲಿನ ಜನಗಣತಿಯಲ್ಲಿ ನಾವೆಲ್ಲ ‘ಏಷ್ಯನ್ ಇಂಡಿಯನ್’, ಜಾತಿಯ ಕಾಲಂ ಇಲ್ಲ. ಆಗ ಅಂಕಿಗೆ ಕಾಯದೆ ಜನರನ್ನೇ ಕೇಳ್ಬೇಕು.