ಅಳುವ ಮಗು, ಅಫೀಮು ಮತ್ತು ಸಬ್ಬಸಿಗೆ

ವುಡ್‌ವರ್ಡ್ಸ್ ಗ್ರೈಪ್ ವಾಟರ್ ಬಾಟಲಿಯ ಮೇಲಿನ ಚಿತ್ರ ನೆನಪಿದೆಯಾ? ಒಂದು ಗುಂಡು ಮಗು, ಕೈಯಲ್ಲಿ ಹಾವು. ಅದು ಕಾಳಿಂಗನನ್ನು ಹಿಡಿದ ಬಾಲಕೃಷ್ಣ ಅಂತ ನೀವು ಅಂದುಕೊಂಡಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಅವನು ನಮ್ಮವನಲ್ಲ. ತೊಟ್ಟಿಲಲ್ಲಿದ್ದಾಗಲೇ ಎರಡು ಹಾವುಗಳ ಕತ್ತು ಹಿಸುಕಿದ ಗ್ರೀಕ್ ಪುರಾಣದ ಹರ್ಕ್ಯುಲಿಸ್ ಅವನು. ಆ ಹಾವು ಅಂದ್ರೆ ಮಗುವಿನ ಹೊಟ್ಟೆನೋವು ಅಂತ ಅರ್ಥ ಮಾಡಿಕೊಳ್ಳಬಹುದು. ಚಿತ್ರ ಚೆನ್ನಾಗಿದೆ. ಬಾಟಲಿ ಒಳಗೆ ಏನಿತ್ತು ಅನ್ನೋದು ಇನ್ನೂ ಸ್ವಾರಸ್ಯದ ಕಥೆ.

1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಅನ್ನೋ ಔಷಧಿ ವ್ಯಾಪಾರಿ ಇದನ್ನು ತಯಾರಿಸಿದ. ಪೂರ್ವ ಇಂಗ್ಲೆಂಡಿನ ಜೌಗು ಪ್ರದೇಶಗಳಲ್ಲಿ ಆಗ ಮಲೇರಿಯಾದಂಥ ಜ್ವರ ಸಾಮಾನ್ಯ. ಜ್ವರಕ್ಕೆ ಕೊಡುತ್ತಿದ್ದ ಔಷಧಿ ಕುಡಿದ ಕೂಸುಗಳು ಹೊಟ್ಟೆನೋವಿನ ಅಳುವನ್ನೂ ನಿಲ್ಲಿಸುತ್ತಿದ್ದವಂತೆ. ಅದೇ ಎಳೆ ಹಿಡಿದು ಅವನು ಹೊಸ ಪಾಕ ಮಾಡಿದ: ಸಬ್ಬಸಿಗೆ ಬೀಜದ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು ಮತ್ತು ಮದ್ಯಸಾರ. ಹೌದು, ಆಲ್ಕೋಹಾಲ್. ಸುಮಾರು ಶೇ 3.6. 1876ರಲ್ಲಿ ಹೆಸರಿಗೆ ಟ್ರೇಡ್‌ಮಾರ್ಕ್ ಆಯ್ತು. ಅಜ್ಜಿ ಅಮ್ಮನಿಗೆ ಹೇಳಿದಳು, ಅಮ್ಮ ನನಗೆ ಹೇಳಿದಳು ಅನ್ನೋ ಧಾಟಿಯ ಜಾಹೀರಾತು ಆಗಲೇ ಹುಟ್ಟಿತು. ನಮ್ಮ ಟಿವಿಯಲ್ಲಿ ತಲೆಮಾರಿನ ಹಿಂದೆ ತಲೆಮಾರು ಬಂದು ಅದೇ ಮಾತು ಹೇಳೋ ಜಾಹೀರಾತಿಗೆ ಮೂಲ ಅದೇ.

ಆ ಕಾಲದ ಬೇರೆ ಬಾಟಲಿಗಳ ಪಕ್ಕದಲ್ಲಿಟ್ಟು ನೋಡಿದರೆ ವುಡ್‌ವರ್ಡ್ ಪಾಪ ಸಾಧು ಮನುಷ್ಯ. ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಕೂಸುಗಳಿಗೆ ಕೊಡುತ್ತಿದ್ದ ಗಾಡ್‌ಫ್ರೀಸ್ ಕಾರ್ಡಿಯಲ್‌ನಲ್ಲಿ ಅಫೀಮು ಇತ್ತು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್‌ನಲ್ಲಿ ಮಾರ್ಫಿನ್, ಒಂದು ಔನ್ಸಿಗೆ ಸುಮಾರು 65 ಮಿಲಿಗ್ರಾಂ. ಮಗು ಸುಮ್ಮನಾಗ್ತಿತ್ತು. ಕೆಲವು ಮಕ್ಕಳು ಮತ್ತೆ ಏಳಲೇ ಇಲ್ಲ. 1906ರ ಕಾನೂನು ಬಂದ ಮೇಲೆ ಒಳಗಿರೋದನ್ನು ಲೇಬಲ್ ಮೇಲೆ ಬರೆಯಲೇಬೇಕಾಯ್ತು. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ಶಿಶುಹಂತಕಗಳ ಸಾಲಿಗೆ ಸೇರಿಸಿತು. ಆದರೂ 1930ರವರೆಗೆ ಅಂಗಡಿಯಲ್ಲಿ ಸಿಗ್ತಿತ್ತು.

ಇದು ಬಿಳಿಯರ ಊರಿನ ಕಥೆ ಅಂತ ನಾವು ನಿಟ್ಟುಸಿರು ಬಿಡೋ ಹಾಗಿಲ್ಲ. ಬೊಂಬಾಯಿಯ ಹತ್ತಿ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಕೂಸುಗಳಿಗೆ ‘ಬಾಲ ಗೋಲಿ’ ಅನ್ನೋ ಅಫೀಮಿನ ಗುಳಿಗೆ ಕೊಟ್ಟು ಕೆಲಸಕ್ಕೆ ಹೋಗ್ತಿದ್ರು. ಬೆಳಗ್ಗೆಯಿಂದ ಸಂಜೆವರೆಗೆ ಗಿರಣಿ, ಮನೆಯಲ್ಲಿ ನೋಡಿಕೊಳ್ಳೋರಿಲ್ಲ, ಶಿಶುವಿಹಾರ ಅನ್ನೋದು ಇಲ್ಲ. ಆ ತಾಯಂದಿರನ್ನು ಕ್ರೂರಿಗಳು ಅನ್ನೋಕೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಔಷಧಿ ಯಾರಿಗೆ ಬೇಕಾಗಿತ್ತು? ಮಗುವಿಗಲ್ಲ, ಗಿರಣಿಯ ಸೈರನ್‌ಗೆ. ಅಳುವ ಮಗುವಿನ ಔಷಧಿಯ ಇತಿಹಾಸದಲ್ಲಿ ಹೆಚ್ಚಿನ ಭಾಗ ಮಗುವಿನ ನೋವಿನ ಇತಿಹಾಸವೇ ಅಲ್ಲ, ದೊಡ್ಡವರ ಸುಸ್ತಿನ ಇತಿಹಾಸ.

ಈಗ ನಮ್ಮ ಅಡುಗೆಮನೆಗೆ ಬರೋಣ. ಆಯುರ್ವೇದದ ಶಿಶುವೈದ್ಯ ಗ್ರಂಥ ಕಾಶ್ಯಪ ಸಂಹಿತೆಯ ಒಂದು ಅಧ್ಯಾಯ ಪೂರ್ತಿ ಇದರ ಬಗ್ಗೆಯೇ ಇದೆ: ಮಾತು ಬಾರದ ಮಗುವಿಗೆ ಎಲ್ಲಿ ನೋವು ಅಂತ ತಿಳಿಯೋದು ಹೇಗೆ? ಹೊಟ್ಟೆಶೂಲೆ ಇದ್ದ ಮಗು ಮೊಲೆ ಬಿಡುತ್ತೆ, ಅಳುತ್ತೆ, ಅಂಗಾತ ಮಲಗಿಸಿದರೆ ಮೈ ಮುರಿಯುತ್ತೆ, ಹೊಟ್ಟೆ ಬಿಗಿಯಾಗುತ್ತೆ, ಮುಖ ಬೆವರುತ್ತೆ. ಇವತ್ತು ಮಕ್ಕಳ ಡಾಕ್ಟರ ಮುಂದೆ ಕೂತು ನೀವು ಹೇಳೋದೂ ಇದನ್ನೇ ಅಲ್ವಾ? ನೋಡುವ ಕಣ್ಣು ಅಷ್ಟು ಸೂಕ್ಷ್ಮವಾಗಿತ್ತು.

ಆದರೆ ಮದ್ದಿನ ವಿಷಯಕ್ಕೆ ಬಂದರೆ ಮನೆಮದ್ದು ಅಂದ ಮಾತ್ರಕ್ಕೆ ಎಲ್ಲವೂ ಸೌಮ್ಯವಲ್ಲ. ಹೊಕ್ಕಳ ಸುತ್ತ ಇಂಗು ಹಚ್ಚೋದು, ಹದ ಬೆಚ್ಚಗಿನ ಎಣ್ಣೆಯಲ್ಲಿ ಹೊಟ್ಟೆ ನೀವೋದು, ದೃಷ್ಟಿ ತೆಗೆಯೋದು ಇವೆಲ್ಲ ಮೈ ಹೊರಗಿನ ಮಾತು. ಬಾಯಿಗೆ ಹಾಕೋದೇ ಬೇರೆ. ಬಜೆ ತೇಯ್ದು ನೆಕ್ಕಿಸಿದರೆ ಮಾತು ಬೇಗ ಬರುತ್ತೆ, ಹೊಟ್ಟೆಗೂ ಒಳ್ಳೇದು ಅಂತಾರೆ. ಅದೇ ಬಜೆಯಲ್ಲಿರೋ ಬೀಟಾ ಆಸರೋನ್ ಅನ್ನೋ ಅಂಶದಿಂದಾಗಿ ಅಮೆರಿಕ 1968ರಲ್ಲಿ ಅದನ್ನು ಆಹಾರದಲ್ಲಿ ಬಳಸೋದನ್ನೇ ನಿಷೇಧಿಸಿತು. ಜೇನುತುಪ್ಪ ನೆಕ್ಕಿಸೋ ಪದ್ಧತಿಯೂ ಹಾಗೇ. 1976ರಲ್ಲಿ ಶಿಶುಗಳ ಬಾಟ್ಯುಲಿಸಂ ಅನ್ನೋ ಕಾಯಿಲೆ ಪತ್ತೆಯಾಯ್ತು. ಅದರ ಬ್ಯಾಕ್ಟೀರಿಯಾ ಜೇನಿನಲ್ಲಿ ಇರಬಹುದು ಅಂತ ಗೊತ್ತಾದ ಮೇಲೆ ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ ಅಂತ ಡಾಕ್ಟರು ಹೇಳ್ತಾ ಬಂದಿದ್ದಾರೆ.

ಸಬ್ಬಸಿಗೆಯದು ಮಾತ್ರ ಮುದ್ದಾದ ಕಾಕತಾಳೀಯ. ವುಡ್‌ವರ್ಡ್ ಅದರ ಎಣ್ಣೆಯನ್ನು ಮಗುವಿಗೆ ಕುಡಿಸಿದ. ನಮ್ಮವರು ಸೊಪ್ಪನ್ನು ಬಾಣಂತಿಗೆ ಬಡಿಸಿದರು, ಹಾಲು ಹೆಚ್ಚುತ್ತೆ ಅಂತ. ಮಗುವಿಗೆ ಏನಾದರೂ ತಲುಪಬೇಕಿದ್ದರೆ ಅಮ್ಮನ ಮೂಲಕವೇ ತಲುಪಲಿ ಅನ್ನೋ ಬುದ್ಧಿ ನಮ್ಮದು. ಆದರೆ ನೀರು ಕುಡೀಬೇಡ, ತರಕಾರಿ ತಿನ್ನಬೇಡ, ಮಗುವಿಗೆ ವಾಯು ಆಗುತ್ತೆ ಅಂತ ಬಾಣಂತಿಯನ್ನು ಒಣಗಿಸಿದವರೂ ನಾವೇ. ಮಗು ಅತ್ತರೆ ಅಮ್ಮ ಏನು ತಿಂದಳು ಅನ್ನೋ ವಿಚಾರಣೆ ಇವತ್ತಿಗೂ ನಿಂತಿಲ್ಲ. ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಮಕ್ಕಳು ಇದ್ದಾರೆ, ಆದರೆ ಕೆಲವರು ಮಾತ್ರ. ಅದನ್ನು ಡಾಕ್ಟರ ಸಲಹೆಯಲ್ಲಿ ಪರೀಕ್ಷಿಸಬಹುದು. ಉಳಿದ ತಾಯಂದಿರು ಹೊಟ್ಟೆ ತುಂಬ ಉಂಡರೆ ಯಾರಿಗೂ ನಷ್ಟವಿಲ್ಲ.

ಹಾಲೂಡಿಸೋ ರೀತಿಗೂ ಒಂದು ಇತಿಹಾಸವಿದೆ. 1907ರಲ್ಲಿ ನ್ಯೂಜಿಲೆಂಡಿನಲ್ಲಿ ತಾಯಿ ಮಕ್ಕಳ ಸಂಸ್ಥೆ ಕಟ್ಟಿದ ಡಾಕ್ಟರ್ ಟ್ರೂಬಿ ಕಿಂಗ್ ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲು ಕೊಡಿ, ರಾತ್ರಿ ಬೇಡ ಅಂದ. ಮಗುವನ್ನು ಸುಮ್ಮಸುಮ್ಮನೆ ಎತ್ತಿಕೊಂಡರೆ ಕೆಡುತ್ತೆ ಅನ್ನೋ ಮಾತು ಬ್ರಿಟಿಷ್ ಸಾಮ್ರಾಜ್ಯದ ಮನೆಗಳಿಗೆಲ್ಲ ಹಬ್ಬಿತು. ಇದರ ತದ್ವಿರುದ್ಧ ಕಲಹರಿ ಮರುಭೂಮಿಯ ಸಾನ್ ಜನ. ಅವರ ತಾಯಂದಿರು ಕೂಸನ್ನು ದಿನವಿಡೀ ಮೈಗೆ ಕಟ್ಟಿಕೊಂಡು, ಗಂಟೆಗೆ ಹಲವು ಸಲ ಹಾಲೂಡಿಸುತ್ತಿದ್ದರು. ಹಾಗಾದ್ರೆ ಅವರ ಮಕ್ಕಳು ಅಳೋದೇ ಇಲ್ವಾ?

ಇಲ್ಲೇ ಕಥೆಯ ತಿರುವು ಇರೋದು. 1962ರಲ್ಲಿ ಅಮೆರಿಕದ ಡಾಕ್ಟರ್ ಬ್ರೇಜಲ್ಟನ್ 80 ತಾಯಂದಿರ ಕೈಲಿ ಮಗು ಅತ್ತ ಹೊತ್ತನ್ನು ಡೈರಿಯಲ್ಲಿ ಬರೆಸಿದರು. ಅಳು ವಾರದಿಂದ ವಾರಕ್ಕೆ ಏರುತ್ತಾ ಆರನೇ ವಾರಕ್ಕೆ ದಿನಕ್ಕೆ ಎರಡೂಮುಕ್ಕಾಲು ಗಂಟೆ ಮುಟ್ಟಿ, ಆಮೇಲೆ ತಾನಾಗಿ ಇಳಿಯಿತು. ಇವು ಕಾಯಿಲೆಯ ಮಕ್ಕಳಲ್ಲ, ಸಾಮಾನ್ಯ ಮಕ್ಕಳು. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾನ್ ಮಕ್ಕಳ ಅಳುವಿನ ಗೆರೆಯೂ ಹಾಗೇ ಏರಿ ಇಳಿದಿತ್ತು. ವ್ಯತ್ಯಾಸ ಒಂದೇ, ಅವರ ಒಂದೊಂದು ಅಳುವೂ ಬೇಗ ಮುಗಿಯುತ್ತಿತ್ತು.

ಈಗ ಲೆಕ್ಕ ಹಾಕಿ. ಅಳು ಮಿತಿ ಮೀರಿದಾಗ ತಾನೇ ನಾವು ಮದ್ದು ಹುಡುಕೋದು? ಅಂದರೆ ಐದನೇ ವಾರ, ಆರನೇ ವಾರ. ಆಗ ಏನು ಕೊಟ್ಟರೂ ಎರಡು ವಾರದಲ್ಲಿ ಅಳು ಕಮ್ಮಿ ಆಗಲೇಬೇಕು. ಓಮದ ನೀರು ಕೊಟ್ಟವರಿಗೆ ಓಮ ಗೆದ್ದಿತು, ಗ್ರೈಪ್ ವಾಟರ್ ಕೊಟ್ಟವರಿಗೆ ವುಡ್‌ವರ್ಡ್, ದೃಷ್ಟಿ ತೆಗೆದವರಿಗೆ ಮೆಣಸಿನಕಾಯಿ. ಅಜ್ಜಿ ಸುಳ್ಳು ಹೇಳಲಿಲ್ಲ. ಅವಳು ಕಂಡಿದ್ದು ನಿಜ, ಕಾರಣ ಮಾತ್ರ ಬೇರೆ ಇತ್ತು.

ಹಾಗಾಗಿ ಬಾಟಲಿಯಿಂದ ಒಂದೊಂದೇ ತೆಗೆಯುತ್ತಾ ಹೋದರೂ ನಂಬಿಕೆ ಕರಗಲಿಲ್ಲ. ಅಫೀಮು ಹೋಯ್ತು. ಅಮೆರಿಕ 1993ರಲ್ಲಿ ಗ್ರೈಪ್ ವಾಟರ್ ಆಮದನ್ನು ತಡೆಯಿತು. ಬ್ರಿಟನ್ನಿನ ಬಾಟಲಿಯಿಂದಲೂ ಅದೇ ದಶಕದಲ್ಲಿ ಮದ್ಯಸಾರ ಹೋಯ್ತು. ಡೈಸೈಕ್ಲೋಮಿನ್ ಅನ್ನೋ ಹೊಸ ಕಾಲದ ಹನಿಯಿಂದ ಕೆಲವು ಶಿಶುಗಳ ಉಸಿರಾಟಕ್ಕೇ ತೊಂದರೆಯಾಗಿ, ಆರು ತಿಂಗಳೊಳಗಿನವರಿಗೆ ಅದು ಬೇಡ ಅಂತಾಯ್ತು. 2001ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಸರಳ: ಆರು ತಿಂಗಳವರೆಗೆ ಎದೆಹಾಲು ಮಾತ್ರ. ನೀರೂ ಬೇಡ.

ಹಾಗಾದ್ರೆ ಇವತ್ತು ರಾತ್ರಿ ಏನು ಮಾಡೋದು? ಹಸಿದಾಗ ಹಾಲು ಕೊಡಿ, ತಲೆ ಸ್ವಲ್ಪ ಎತ್ತರದಲ್ಲಿರಲಿ, ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಎತ್ತಿಕೊಂಡು ಓಡಾಡಿ. ಕತ್ತಲ ಕೋಣೆ, ಜೋಗುಳ, ಬೆಚ್ಚನೆಯ ಎದೆ. ಇವು ಅಳುವನ್ನು ನಿಲ್ಲಿಸದೇ ಇರಬಹುದು, ಹಾನಿಯಂತೂ ಮಾಡಲ್ಲ. ಜ್ವರ, ಹಸಿರು ವಾಂತಿ, ಮಲದಲ್ಲಿ ರಕ್ತ, ಹಾಲೇ ಬೇಡ ಅನ್ನೋದು ಇವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ನಿಮ್ಮ ತಾಳ್ಮೆಯೇ ಕಳಚುತ್ತಿದ್ದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಯಾವ ಕಾರಣಕ್ಕೂ ಕೂಸನ್ನು ಅಲುಗಾಡಿಸಬೇಡಿ, ಅದರಿಂದ ಮಿದುಳಿಗೇ ಪೆಟ್ಟಾಗುತ್ತೆ.

ನಮ್ಮ ಹಳೆಯ ಬಾಣಂತನದಲ್ಲಿ ನಿಜವಾದ ಮದ್ದು ಇದ್ದಿದ್ದು ಒರಳಲ್ಲಿ ಅಲ್ಲ. ಅಜ್ಜಿ, ದೊಡ್ಡಮ್ಮ, ಅತ್ತೆ, ಪಕ್ಕದ ಮನೆಯವರು, ಹೀಗೆ ಮಗುವನ್ನು ಇಸಿದುಕೊಳ್ಳೋಕೆ ನಾಲ್ಕು ಜೊತೆ ಕೈ ಇದ್ದವು. ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಇಬ್ಬರೇ ಇದ್ದು, ಒಬ್ಬರಿಗೆ ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇದ್ದರೆ ಆ ಕೈಗಳ ಬೆಲೆ ಗೊತ್ತಾಗುತ್ತೆ. ಬೊಂಬಾಯಿ ಗಿರಣಿಯ ತಾಯಿಗೆ ಇಲ್ಲದೇ ಹೋಗಿದ್ದೂ ಅದೇ. ಮಗುವಿನ ಅಳು ಮೂರ್ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತೆ. ಅಲ್ಲಿವರೆಗೆ ಹೊತ್ತುಕೊಳ್ಳೋಕೆ ಇನ್ನೆರಡು ಕೈ ಬೇಕು, ಅಷ್ಟೇ. ಗೆಳೆಯರ ಮನೆಗೆ ಮಗು ನೋಡೋಕೆ ಹೋಗೋರು ಬಾಟಲಿ ಬದಲು ಒಂದು ಡಬ್ಬಿ ಊಟ ಕೊಂಡೊಯ್ದು, ಒಂದು ಗಂಟೆ ಮಗು ಎತ್ತಿಕೊಂಡು, ಅವರಿಬ್ಬರನ್ನೂ ಮಲಗೋಕೆ ಕಳಿಸಿ.