ಸಾಯದ ಹಸುವಿನ ಲೆಕ್ಕ

ಹೋದ ಮಳೆಗಾಲ ಕಳಸದ ಹತ್ತಿರ ಅತ್ತೆ ಮನೆಗೆ ಹೋದಾಗ ಅಲ್ಲೊಂದು ಪಂಚಾಯ್ತಿ ನಡೀತಾ ಇತ್ತು. ಅತ್ತೆ ಪಕ್ಕದ ಮನೆಯವರಿಗೆ ಪಾಲಿಗೆ ಕೊಟ್ಟಿದ್ದ ಗಿಡ್ಡ ಹಸು ಧರೆಯಿಂದ ಜಾರಿ ಬಿದ್ದು ಸತ್ತಿತ್ತು. ಕರಾರು ಬಾಯಿಮಾತಿನದು: ಹಾಲು, ಗೊಬ್ಬರ ಸಾಕಿದವರಿಗೆ, ಕರುಗಳಲ್ಲಿ ಇಬ್ಬರಿಗೂ ಅರ್ಧರ್ಧ. ಸತ್ತರೆ ಏನು ಅಂತ ಯಾರೂ ಮಾತಾಡಿರಲಿಲ್ಲ. “ನೋಡಿಕೊಳ್ಳಲಿಲ್ಲ, ದುಡ್ಡು ಕೊಡಲಿ” ಅಂತ ಅತ್ತೆ. “ದನ ನಿಮ್ಮದು ಅಮ್ಮ, ನಷ್ಟವೂ ನಿಮ್ಮದೇ” ಅಂತ ಅವರು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿ, “ಕಲ್ಲು ಓದ್ತೀಯಲ್ಲ, ಅದರಲ್ಲಿ ಏನಾದ್ರೂ ಬರೆದಿದಾರಾ ಹೇಳು” ಅಂದರು.

ತಮಾಷೆಗೆ ಕೇಳಿದ್ದು. ಆದರೆ ಬರೆದಿದ್ದಾರೆ, ನಮ್ಮೂರಲ್ಲಲ್ಲ ಅಷ್ಟೇ. ಕಳಸದ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟದಲ್ಲಿ (1901) ಮೂಡಿಗೆರೆ ತಾಲ್ಲೂಕಿನ ಕೆಳಗೆ ಸಿಗುತ್ತವೆ. ಅವುಗಳಲ್ಲಿ ನಾನು ಇಂಥ ಕರಾರು ಕಂಡಿಲ್ಲ. ತುರುಗೋಳಿನಲ್ಲಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಲ್ಲಿ ಬೇಕಾದಷ್ಟಿವೆ. ನಂದಾದೀವಿಗೆಗೆ ಮಾತ್ರ ನಮ್ಮವರು ಹೆಚ್ಚಾಗಿ ಗದ್ದೆ, ಹಣ, ಗಾಣದ ಎಣ್ಣೆ ಬಿಟ್ಟರು. ದನವನ್ನೇ ಒಪ್ಪಿಸಿ ತುಪ್ಪ ಅಳೆಸಿಕೊಳ್ಳುವ ಪದ್ಧತಿ ಸ್ಪಷ್ಟವಾಗಿ ಕಾಣೋದು ಚೋಳರ ತಮಿಳು ಶಾಸನಗಳಲ್ಲಿ.

ತಂಜಾವೂರಿನ ಬೃಹದೀಶ್ವರ ದೇವಾಲಯದ ಶಾಸನಗಳಲ್ಲಿ, ಅಂದರೆ ಒಂದನೇ ರಾಜರಾಜನ (985–1014) ಕಾಲದಲ್ಲಿ, ಒಂದು ದೀಪಕ್ಕೆ 96 ಕುರಿ, ಇಲ್ಲವೇ 48 ಹಸು, ಇಲ್ಲವೇ 16 ಎಮ್ಮೆ. ಇವನ್ನು ವಹಿಸಿಕೊಂಡ ಗೊಲ್ಲ ದಿನಕ್ಕೊಂದು ಉೞಕ್ಕು ತುಪ್ಪ ಕೊಡಬೇಕು. ತಮಿಳು ಶಾಸನಗಳಲ್ಲಿ ಇಂಥ ಕುರಿಗಳಿಗೆ ಒಂದು ಹೆಸರೇ ಇದೆ: ‘ಶಾವಾ ಮೂವಾಪ್ಪೇರಾಡು’. ಸಾಯದ, ಮುದಿಯಾಗದ ಕುರಿ! ಒಂದು ಸತ್ತರೆ ಅದರ ಜಾಗಕ್ಕೆ ಮರಿ ಬರುತ್ತೆ; ದೇವಸ್ಥಾನಕ್ಕೆ ಬೇಕಾದ್ದು ಆ ಸಂಖ್ಯೆ, ಆ ಪ್ರಾಣಿಯಲ್ಲ.

ಮೊದಲು ಓದಿದಾಗ ನನಗೆ ಗೊಲ್ಲನ ಮೇಲೆ ಅಯ್ಯೋ ಅನಿಸಿತ್ತು. ಸಾವಿನ ನಷ್ಟ ಪೂರ್ತಿ ಅವನ ತಲೆಗೆ. ಆಮೇಲೆ ಇಂಜಿನಿಯರ್ ಚಟ, ಲೆಕ್ಕ ಹಾಕಿದೆ. ವರ್ಷಕ್ಕೆ 365 ಉೞಕ್ಕು. 48 ಹಸುವಿಗೆ ಹಂಚಿದರೆ ತಲಾ ಏಳೂವರೆ ಚಿಲ್ಲರೆ. ನಾಲ್ಕು ಉೞಕ್ಕಿಗೆ ಒಂದು ನಾೞಿ. ಅಂದರೆ ಹಸುವೊಂದಕ್ಕೆ ವರ್ಷಕ್ಕೆ ಎರಡು ನಾೞಿ ತುಪ್ಪವೂ ಇಲ್ಲ. ಬತ್ತಿದ ಹಸು, ಕರು ಕುಡಿಯೋ ಹಾಲು, ಸಾವು, ಎಲ್ಲಾ ಕಳೆದೇ ಗೇಣಿ ಇಟ್ಟಂತಿದೆ. ಅದರ ಮೇಲೆ, ಸಂಖ್ಯೆ ತುಂಬಿಸಿ ಮಿಕ್ಕ ಕರು ಗೊಲ್ಲನದೇ ಅಂತ ನಾನು ಓದಿಕೊಂಡಿದ್ದೇನೆ. (ಎಮ್ಮೆಯೊಂದು ಮೂರು ಹಸುವಿಗೆ ಸಮ ಅನ್ನೋದನ್ನೂ ಗಮನಿಸಿ. ತುಪ್ಪ ಕಾಯಿಸಿದವರಿಗೆ ಇದೇನೂ ಆಶ್ಚರ್ಯವಲ್ಲ.)

ಅತ್ತೆಯ ಕರಾರು ಬೇರೆ ಜಾತಿಯದು. ಅದು ಗೇಣಿಯಲ್ಲ, ಪಾಲು. ಹುಟ್ಟಿದ ಕರುವಿನಲ್ಲಿ ಅರ್ಧ ಕೇಳಿದವರು ಸತ್ತ ಹಸುವಿನಲ್ಲೂ ಅರ್ಧ ಹೊರಬೇಕಾಗುತ್ತೆ. ಹಾಗಂತ ಹೇಳಿದೆ. “ತಂಜಾವೂರಿಗೆ ಹೋಗಿ ನನಗೇ ದಂಡ ಹಾಕಿಸಿದೆ” ಅಂತ ಅತ್ತೆ ಬೈದರು. ಆದರೂ ಒಪ್ಪಿದರು. ಸತ್ತ ಹಸುವಿನ ಕಡಸು ಸಾಕಿದವರ ಕೊಟ್ಟಿಗೆಯಲ್ಲೇ ಉಳಿಯಿತು, ಅದರ ಮೊದಲ ಹೆಣ್ಣು ಕರು ಅತ್ತೆಗೆ ಅಂತಾಯ್ತು. ಈ ಸಲ ನೋಟ್‌ಬುಕ್ಕಿನ ಹಾಳೆಯಲ್ಲಿ ನಾನೇ ಬರೆದುಕೊಟ್ಟೆ. ಗೊಬ್ಬರ ಯಾರಿಗೆ ಅಂತ ಬರೆಯೋದು ಮರೆತೇಹೋಯ್ತು, ಅಡಿಕೆ ತೋಟ ಇಬ್ಬರಿಗೂ ಇದೆ.